ಎಲುಬಿನ ಗೂಡಿನ ವಿಂಡ್‌ಶೀಲ್ಡು

ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನಮ್ಮ ಸೋದರಮಾವ ಎರಡು ತಿಂಗಳ ಕಾಲ ಭದ್ರಾವತಿ–ಶಿವಮೊಗ್ಗ ರಸ್ತೆಯಲ್ಲಿ ದೆವ್ವವಾಗಿದ್ದರು. ಅದೂ ಬದುಕಿರುವಾಗಲೇ! ಸತ್ತ ಮೇಲೆ ದೆವ್ವವಾಗುವುದರಲ್ಲಿ ಏನು ಹೆಚ್ಚುಗಾರಿಕೆ? ನಮ್ಮ ಮಾವ ಕಾರ್ಖಾನೆಗೆ ಒಂದು ದಿನವೂ ರಜೆ ಹಾಕದೆ, ಎರಡನೇ ಶಿಫ್ಟಿಗೆ ತಡಮಾಡದೆ, ತಲೆಗೆ ಮಂಕಿ ಕ್ಯಾಪ್ ಏರಿಸಿಕೊಂಡು ಆ ಕೆಲಸವನ್ನು ನಿಭಾಯಿಸಿದರು.

ಇದಕ್ಕೆಲ್ಲ ಕಾರಣ ನಾನೇ. ಆಗ ಮಾವನ ಕ್ವಾರ್ಟರ್ಸಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಹಿಡಿದ ಕೆಮ್ಮು ಬಿಡಲೇ ಇಲ್ಲ. ಶಿವಮೊಗ್ಗದ ಡಾಕ್ಟರು ನನ್ನ ಎಕ್ಸ್‌ರೇಯನ್ನು ಗೋಡೆಯ ಲೈಟುಪೆಟ್ಟಿಗೆಗೆ ಸಿಕ್ಕಿಸಿ, ಎರಡು ಎಲುಬುಗಳ ನಡುವೆ ಹುಣಸೆಬೀಜದಷ್ಟು ದೊಡ್ಡ ಬಿಳಿ ಮಚ್ಚೆಯೊಂದನ್ನು ಪೆನ್ನಿನಲ್ಲಿ ತೋರಿಸಿದರು. ಕ್ಷಯ. ಎರಡು ತಿಂಗಳು ದಿನಾ ಇಂಜೆಕ್ಷನ್, ಆಮೇಲೆ ಇನ್ನೊಂದು ಎಕ್ಸ್‌ರೇ. ಮಚ್ಚೆ ಕರಗಿದ್ದರೆ ಸರಿ.

"ಕರಗ್ದೇ ಇದ್ರೆ ಸಾರ್?" ಎಂದು ಮಾವ ಕೇಳಿದರು.

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ, "ಎದೆಗೆ ಥಂಡಿ ಗಾಳಿ ಬಡೀದಂಗೆ ನೋಡ್ಕೊಳ್ಳಿ" ಎಂದರು.

ಇಂಜೆಕ್ಷನ್ನನ್ನು ಭದ್ರಾವತಿಯಲ್ಲೇ ಚುಚ್ಚಿಸಬಹುದಿತ್ತಲ್ಲ ಎನ್ನುತ್ತೀರೇನೋ. ನೀವು ಕಾರ್ಖಾನೆ ಕಾಲೋನಿ ನೋಡಿಲ್ಲ! ಅಲ್ಲಿ ಒಂದು ಮನೆಯಲ್ಲಿ ಸೀನಿದರೆ ನಾಲ್ಕನೇ ಮನೆಯವರು ಕಷಾಯ ಕೊಟ್ಟು ಕಳಿಸುತ್ತಾರೆ. ಮದುವೆಯಾಗದ ಹುಡುಗಿಗೆ ಕ್ಷಯ ಎಂದು ಗೊತ್ತಾದರೆ ಕಥೆ ಮುಗಿದಂತೆ. ಬಸ್ಸಿಗೆ ಹತ್ತಿದರೆ ಅಲ್ಲೂ ಅರ್ಧಕ್ಕರ್ಧ ಕಾಲೋನಿಯವರೇ. ಹಾಗಾಗಿ ಬೆಳಗಿನ ಮಂಜಿನಲ್ಲೇ ಮಾವನ ಸ್ಕೂಟರಿನಲ್ಲಿ ಶಿವಮೊಗ್ಗಕ್ಕೆ ಹೋಗುವುದು, ಕೇಳಿದವರಿಗೆ ಟೈಪಿಂಗ್ ಕ್ಲಾಸು ಎನ್ನುವುದು ಎಂದು ತೀರ್ಮಾನವಾಯಿತು. ಇವತ್ತಿಗೂ ನನಗೆ ಒಂದಕ್ಷರ ಟೈಪಿಂಗ್ ಬರುವುದಿಲ್ಲ.

ಉಳಿದದ್ದು ಗಾಳಿಯ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ವಸ್ತುವನ್ನು ಅಂಗಡಿಯಲ್ಲಿ ಕೊಳ್ಳುವುದು ಮಾವನ ಪ್ರಕಾರ ಶುದ್ಧ ಸೋಮಾರಿತನ. ನಮ್ಮ ಟಿವಿಯ ಆಂಟೆನಾ ಕೂಡ ಹಳೇ ಛತ್ರಿಗಳ ಕಡ್ಡಿಯದು. ಗಾಳಿ ಬಂದರೆ ವಾರ್ತೆ ಓದುವವರಿಗೆ ಎರಡು ತಲೆ ಮೂಡುತ್ತಿತ್ತು. ಇಂಥವರು ವಿಂಡ್‌ಶೀಲ್ಡ್ ಕೊಂಡಾರೆಯೇ? ಶಿವಮೊಗ್ಗದ ಗುಜರಿ ಅಂಗಡಿಗೆ ಹೋಗಿ ಒಂದು ಕಟ್ಟು ಹಳೇ ಎಕ್ಸ್‌ರೇ ಫಿಲ್ಮುಗಳನ್ನು ಹೊತ್ತು ತಂದರು.

"ಬೇಫಿಕರ್ ತಗೊಳ್ಳಿ ಸಾಬ್, ಪುರಾನಾ ಮಾಲು. ವಾಪಸ್ ಕೇಳಕ್ಕೆ ಯಾರೂ ಬರಲ್ಲ" ಎಂದಿದ್ದನಂತೆ ಅಂಗಡಿಯವನು.

ಯಾಕೆ ಬರುವುದಿಲ್ಲ? ಆ ಪ್ರಶ್ನೆ ಮಾವನಿಗೆ ಹೊಳೆಯಲಿಲ್ಲ, ನನಗೆ ಹೊಳೆಯಿತು.

ಬಚ್ಚಲುಮನೆಯ ಬಿಸಿನೀರಿಗೆ ಕಾಸ್ಟಿಕ್ ಸೋಡಾ ಬೆರೆಸಿ ಫಿಲ್ಮುಗಳನ್ನು ಮುಳುಗಿಸಿದರು. ಕಪ್ಪು ಬಣ್ಣ ಕರಗಿದರೆ ಉಳಿಯುವುದು ತಿಳಿನೀಲಿ ಪ್ಲಾಸ್ಟಿಕ್ಕು. ಅತ್ತೆ ಬಾಗಿಲಲ್ಲಿ ನಿಂತು, "ರೀ, ಕಂಡೋರ ಎಲುಬನ್ನ ನನ್ನ ಬಚ್ಚಲಲ್ಲಿ ತೊಳೀತೀರಲ್ಲ, ನಾಳೆ ನಾನೆಲ್ಲಿ ಸ್ನಾನ ಮಾಡ್ಲಿ?" ಎಂದರು. ಮೊದಲ ತೊಳೆತಕ್ಕೆ ಕಪ್ಪು ಅರ್ಧ ಮಾತ್ರ ಹೋಗಿತ್ತು. ತಂತಿಯ ಮೇಲೆ ಅತ್ತೆಯ ಎರಡು ಸೀರೆಗಳ ನಡುವೆ ಯಾರದೋ ಸೊಂಟ, ಯಾರದೋ ದವಡೆ, ಯಾರದೋ ಐದು ಬೆರಳು ಗಾಳಿಗೆ ಅಲ್ಲಾಡುತ್ತಿದ್ದವು. ಪಕ್ಕದ ಮನೆಯ ತಮಿಳು ಮಾಮಿ ಕೈಯಲ್ಲಿದ್ದ ಬಿಂದಿಗೆಯನ್ನು ಕೆಳಗೆ ಬೀಳಿಸಿದರು.

"ಅಯ್ಯೋ ಕಡವುಳೇ! ಯಾರ್ದು ಸಾರ್ ಇದು?"

"ನಂಗೂ ಪರಿಚಯ ಇಲ್ಲಮ್ಮಾ. ಒಣಗ್ಲಿ, ವಿಚಾರಿಸಣ."

ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟಿಗೆ ಫಿಲ್ಮುಗಳನ್ನು ಜೋಡಿಸಿದ್ದಾಯಿತು. ಕೆಳತುದಿಯಲ್ಲಿ, ಸರಿಯಾಗಿ ಹೆಡ್‌ಲೈಟಿನ ಮುಂದೆ ಇಳಿಬಿದ್ದ ಒಂದು ಫಿಲ್ಮು ಮಾತ್ರ ಕಪ್ಪಗೇ ಇತ್ತು.

"ಇದನ್ಯಾಕೆ ತೊಳ್ದಿಲ್ಲ ಮಾವ?"

"ಸೋಡಾ ಮುಗೀತು ಮಾರಾಯ್ತಿ."

ಅದರ ಮೇಲೆ ಅತ್ತೆಯ ಕಾಡಿಗೆಯಿಂದ ಒಂದು ದೃಷ್ಟಿಬೊಟ್ಟು ಬೇರೆ! ಇಂಥ ವಿಂಡ್‌ಶೀಲ್ಡಿಗೂ ದೃಷ್ಟಿ ತಗಲುತ್ತದೆಯೇ? ಮಾವ ಮಾತ್ರ ದಿನಾ ಬೆಳಿಗ್ಗೆ ಸ್ಕೂಟರ್ ಒದ್ದು ಶುರುಮಾಡಿ, ಲೈಟ್ ಹಾಕಿ, ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ದಿಟ್ಟಿಸುತ್ತಿದ್ದರು. ಮಂಜಿಗೆ ಕಾಡಿಗೆ ಕದಡಿದ್ದರೆ ಹೆಬ್ಬೆರಳಿನಿಂದ ಮತ್ತೆ ತೀಡಿ, ಆಮೇಲೇ ಹೊರಡುತ್ತಿದ್ದರು. ತಡವಾಗುತ್ತದೆಂದು ನಾನು ಹಿಂದೆ ಕೂತು ಗೊಣಗುತ್ತಿದ್ದೆ.

ದಾರಿಯಲ್ಲಿ ಮಾವನ ಭುಜದಾಚೆ ಕಾಣುವ ಲೋಕವೆಲ್ಲ ನೀಲಿ. ಮರ ನೀಲಿ, ಮಂಜು ನೀಲಿ, ರಸ್ತೆ ದಾಟುವ ಎಮ್ಮೆಯೂ ನೀಲಿ. ಸ್ಕೂಟರ್ ಸ್ವಲ್ಪ ವೇಗ ಹಿಡಿದರೆ ಫಿಲ್ಮುಗಳ ಸಂದಿಯಿಂದ ಗಾಳಿ ನುಗ್ಗಿ, ಯಾರೋ ಕಷ್ಟಪಟ್ಟು ಉಸಿರೆಳೆದಂತೆ ಸದ್ದು ಬರುತ್ತಿತ್ತು. ಅದು ನನ್ನದೇ ಉಸಿರಿರಬಹುದೇ ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಆ ಸದ್ದು ನಿಲ್ಲುತ್ತಿರಲಿಲ್ಲ. ಈ ಫಿಲ್ಮುಗಳಲ್ಲಿರುವವರ ಪೈಕಿ ಎಷ್ಟು ಜನ ಬದುಕಿದ್ದಾರೋ ಎಂದು ಯೋಚಿಸುತ್ತಾ ಬಿಳಿ ಶಾಲನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದೆ.

ಒಂದು ದಿನ ಮಲವಗೊಪ್ಪದ ಹತ್ತಿರ ಮಂಜಿನೊಳಗಿಂದ ಹಾಲಿನವನೊಬ್ಬ ಸೈಕಲ್ಲಿನಲ್ಲಿ ಎದುರಾದ. ನಮ್ಮನ್ನು ನೋಡಿದವನೇ ಸೈಕಲ್ಲು, ಕ್ಯಾನು ಎಲ್ಲ ಬಿಟ್ಟು ಗದ್ದೆಗೆ ಹಾರಿದ! "ಪಾಪ, ಅರ್ಜೆಂಟಿತ್ತೇನೋ" ಎಂದರು ಮಾವ, ವೇಗ ತಗ್ಗಿಸದೆ.

ವಾರ ಕಳೆದ ಮೇಲೆ, ಇಂಜೆಕ್ಷನ್ ಮುಗಿಸಿ ಬರುವಾಗ ದಾರಿಯ ಚಹಾ ಅಂಗಡಿಯಲ್ಲಿ ನಿಂತೆವು. ಬಿಸಿಲಿನಲ್ಲಿ ನಮ್ಮ ಸ್ಕೂಟರು ತೀರಾ ಸಾಧುವಾಗಿ ಕಾಣುತ್ತಿತ್ತು. ಅಂಗಡಿಯವನು ಲೋಟ ತೊಳೆಯುತ್ತಾ, "ಬೆಳಬೆಳಗ್ಗೆ ಈ ರೋಡಲ್ಲಿ ಓಡಾಡ್ಬೇಡಿ ಸಾರ್. ಒಂದು ಎಲುಬಿನ ಗೂಡು ಸ್ಕೂಟರ್ ಓಡಿಸ್ಕಂಡು ಬರುತ್ತಂತೆ. ಎದೆ ಒಳಗೆ ದೀಪ ಉರೀತಿರುತ್ತಂತೆ. ಹಿಂದೆ ಬಿಳೀ ಶಾಲಿನ ಹೆಣ್ಣು ಬೇರೆ" ಎಂದ.

"ಛೆ ಛೆ! ಹೆಣ್ಣು ನೋಡಕ್ಕೆ ಹೆಂಗಿದ್ಯಂತೆ?" ಎಂದು ಮಾವ ಆಸಕ್ತಿಯಿಂದ ಕೇಳಿದರು.

"ಸತ್ತು ಬಾಳ ದಿನ ಆಗಿರಂಗಿದ್ಯಂತೆ ಸಾರ್. ಆದ್ರೂ ಕೆಮ್ಮುತ್ತಂತೆ!"

ಸರಿಯಾಗಿ ಆಗಲೇ ನನಗೆ ಕೆಮ್ಮು ಬರಬೇಕೇ? ಅಂಗಡಿಯವನ ಕೈಯ ಲೋಟ ಬಿತ್ತು. ಮಾವ ಮನೆ ತಲುಪುವವರೆಗೂ ನಗುತ್ತಲೇ ಸ್ಕೂಟರ್ ಓಡಿಸಿದರು. ನನಗೆ ನಗು ಬರಲಿಲ್ಲ. ಆ ಮನುಷ್ಯ ಹೇಳಿದ್ದು ಸುಳ್ಳೇನಲ್ಲ, ನಾನು ಹೆಚ್ಚು ದಿನ ಇರುವವಳಲ್ಲ ಅನ್ನಿಸಿತ್ತು. ನನಗೆ ಸಾಯಲು ಭಯವಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲೂ ಭಯವಾಗುತ್ತಿತ್ತು.

ಎರಡು ತಿಂಗಳು ಮುಗಿದು ಹೊಸ ಎಕ್ಸ್‌ರೇ ಬಂತು. ಡಾಕ್ಟರು ಅದನ್ನು ಲೈಟುಪೆಟ್ಟಿಗೆಗೆ ಸಿಕ್ಕಿಸಿ, "ಹಳೇದೆಲ್ಲಿ? ಹೋಲಿಸಿ ನೋಡ್ಬೇಕು" ಎಂದರು. ಅದು ಮನೆಯ ಬೀರುವಿನಲ್ಲಿ ಭದ್ರವಾಗಿದೆ ಎಂದು ನಾನು ತಿಳಿದಿದ್ದೆ. ಮಾವ ತಲೆ ಕೆರೆದುಕೊಂಡು, "ಒಂದ್ನಿಮಿಷ ಸಾರ್" ಎಂದು ಸ್ಕ್ರೂಡ್ರೈವರ್ ಹಿಡಿದು ಹೊರಗೆ ಓಡಿದರು!

ತಂದದ್ದು ಹೆಡ್‌ಲೈಟಿನ ಮುಂದಿದ್ದ ಫಿಲ್ಮು. ನಾಲ್ಕು ಮೂಲೆಗೆ ತೂತು, ಮೈತುಂಬ ಧೂಳು, ಅಪ್ಪಚ್ಚಿಯಾದ ಎರಡು ಹುಳ. ಲೈಟುಪೆಟ್ಟಿಗೆಯ ಮೇಲೆ ಎಲುಬುಗಳು ಬೆಳ್ಳಗೆ ಹೊಳೆದವು. ಅವು ನನ್ನವೇ. ಮಲವಗೊಪ್ಪವನ್ನೆಲ್ಲ ಹೆದರಿಸಿದ್ದು ನನ್ನದೇ ಎದೆಗೂಡು! ಹುಣಸೆಬೀಜದಂಥ ಬಿಳಿ ಮಚ್ಚೆ ಇದ್ದ ಜಾಗದಲ್ಲಿ ಕಾಡಿಗೆಯ ಬೊಟ್ಟು ಒಂದಿಷ್ಟೂ ಆಚೀಚೆಯಾಗದೆ ಕೂತಿತ್ತು.

"ಏನ್ರೀ ಇದು? ಕಾಯಿಲೆ ಜಾಗಕ್ಕೇ ಕಾಡಿಗೆ ಬಳ್ದಿದೀರಾ!"

ಮಾವ ನನ್ನ ಕಡೆ ನೋಡಲಿಲ್ಲ. "ತಪ್ಪಾಯ್ತು ಸಾರ್. ಒಂದು ಫಿಲ್ಮು ಕಮ್ಮಿ ಬಿತ್ತು, ಇದ್ನೇ ಹಾಕ್ದೆ, ತೊಳ್ಯಕ್ಕೆ ಮನಸ್ಸು ಬರ್ಲಿಲ್ಲ. ದಿನಾ ಲೈಟ್ ಹಾಕಿದ್ರೆ ಬೆಳ್ಳಗೆ ಕಾಣೋದು, ನೋಡಕ್ಕಾಗ್ತಿರ್ಲಿಲ್ಲ. ಮುಚ್ಚಿಟ್ರೆ ಹೋಗುತ್ತೇನೋ ಅನ್ನಿಸ್ತು" ಎಂದರು. ನನ್ನಷ್ಟೇ ಭಯ ಅವರಿಗೂ ಇತ್ತೆಂದು ಆಗ ಗೊತ್ತಾಗಿ ನನಗೆ ಅಳು ಬಂತು.

ಡಾಕ್ಟರು ಹೊಸ ಫಿಲ್ಮನ್ನೇ ಬಹಳ ಹೊತ್ತು ನೋಡಿದರು. "ಹೋಲಿಸೋದೇನೂ ಬೇಡ ಬಿಡಿ. ಇದ್ರಲ್ಲಿ ಮಚ್ಚೆನೇ ಇಲ್ಲ" ಎಂದರು.

ಹೊರಗೆ ಬಂದ ಮಾವ ಸ್ಕೂಟರ್ ಒದೆಯಲಿಲ್ಲ. ಜೇಬಿನಿಂದ ಅತ್ತೆಯ ಕಾಡಿಗೆ ಡಬ್ಬಿ ತೆಗೆದು, ತಳದಲ್ಲಿ ಉಳಿದಿದ್ದನ್ನು ಹೆಬ್ಬೆರಳಿನಿಂದ ಕೆರೆದು, ಮುಖ ಗಂಟುಹಾಕಿಕೊಂಡು ನನ್ನ ಕೆನ್ನೆಗೆ ಒತ್ತಿದರು.

"ಈಗ ನಿಂಗೇ ದೃಷ್ಟಿ ಆಗೋದು. ಹತ್ತು, ಶಿಫ್ಟಿಗೆ ಟೈಮಾಯ್ತು."

ನಡುಹಗಲು, ನಡುಬೀದಿ, ಬಿ.ಕಾಂ. ಓದುವ ಹುಡುಗಿಯ ಕೆನ್ನೆಯ ಮೇಲೆ ರೂಪಾಯಿಯಗಲದ ಕಪ್ಪು ಬೊಟ್ಟು. ಎದುರಿಗೆ ಬಂದವರೆಲ್ಲ ನೋಡಿ ನಗುತ್ತಿದ್ದರು. ಭದ್ರಾವತಿ ಬರುವವರೆಗೂ ನಾನು ಅದನ್ನು ಒರೆಸಿಕೊಳ್ಳಲಿಲ್ಲ.