ಸಂದರ್ಶನದ ದಿನದ ಧೂಳು

ಕಾಪುವಿನ ರೂಪೇಶನ ಕಂಪ್ಯೂಟರ್ ಅಂದು ಆನ್ ಆಗುವಷ್ಟರಲ್ಲಿ ಅವನು ಸ್ನಾನ ಮುಗಿಸಿ, ದೋಸೆ ತಿಂದು, ಬಂದು ಕುಳಿತು ಉಗುರು ಕಚ್ಚತೊಡಗಿದ್ದ. ಬೇರೆ ದಿನವಾದರೆ ಚಿಂತೆಯಿರಲಿಲ್ಲ. ಇಂದು ಮಧ್ಯಾಹ್ನ ನಿಟ್ಟೆಯ ಹಾಸ್ಟೆಲೊಂದರವರು ಈ ಕಂಪ್ಯೂಟರಿನಲ್ಲೇ ವಿಡಿಯೊ ಕರೆ ಮಾಡಿ ಅವನ ಸಂದರ್ಶನ ಮಾಡುವವರಿದ್ದರು. ಮೊಬೈಲ್ ಬಾವಿಕಟ್ಟೆಯಿಂದ ಬಿದ್ದು ಕ್ಯಾಮೆರಾ ಒಡೆದುಕೊಂಡಿತ್ತು. ಕೆಲಸವಾದರೂ ಎಂಥದ್ದು? ಹಾಸ್ಟೆಲಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವುದು!

ಬೇಡದ ಫೈಲುಗಳನ್ನು ಅಳಿಸಲು ಕುಳಿತ. ಪರದೆಯ ಹಸಿರು ಗೆರೆ ಘಾಟಿ ಹತ್ತುವ ಲಾರಿಯಂತೆ ತೆವಳತೊಡಗಿತು.

"ಎಂತ ರೂಪೇಶ, ಕಂಪ್ಯೂಟರ್ ಹ್ಯಾಂಗ್ ಆಯ್ತಾ?" ಪಕ್ಕದ ಮನೆಯ ತಾರಾನಾಥರು ಕಿಟಕಿಯಲ್ಲಿ ಇಣುಕಿ, ಮರುಕ್ಷಣ ಒಳಗೇ ಬಂದರು. "ಆನ್ ಮಾಡಿದ ಕೂಡಲೇ ಊರಿನ ಪ್ರೋಗ್ರಾಂ ಎಲ್ಲ ಓಡ್ತಾ ಉಂಟು. ತೆಗಿ ಅದನ್ನು!"

ತಾವೇ ಮೌಸ್ ಕಿತ್ತುಕೊಂಡು ತೆಗೆದರು. ಜೊತೆಗೆ ಕಂಪ್ಯೂಟರಿನ ಶಬ್ದವೂ ಹೋಯಿತು. ಅದನ್ನು ಮರಳಿ ತರುವಷ್ಟರಲ್ಲಿ ರೂಪೇಶನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಬೇರೆ ಅಂಗಿಗೆ ಇಸ್ತ್ರಿ ಹಾಕಿ ತೊಟ್ಟುಬಂದ.

ಅಷ್ಟರಲ್ಲಿ ಎದುರು ಮನೆಯ ಫೌಸ್ಟಿನ್ ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಹಾಜರು. "ಒಳಗೆ ಧೂಳು ಉಂಟು ಮಾರಾಯ, ಅದೇ ರೋಗ!"

"ಅಂಕಲ್, ಬೇಡ..." ಎನ್ನುವುದರೊಳಗೆ ಕಂಪ್ಯೂಟರ್ ಆರಿಸಿ, ಅದರ ಡಬ್ಬದ ಮುಚ್ಚಳ ಬಿಚ್ಚಿ ಊದಿಯೇ ಬಿಟ್ಟರು. ತಾರಾನಾಥರ ಕಪ್ಪು ಮೀಸೆ ಒಂದೇ ಕ್ಷಣದಲ್ಲಿ ನರೆಯಿತು. ಒಳಗೆ ಸಂಸಾರ ಹೂಡಿದ್ದ ಹಲ್ಲಿಯೊಂದು ಜಿಗಿದು ರೂಪೇಶನ ಅಂಗಿಯೊಳಗೆ ನುಗ್ಗಿತು. ಅವನು ಕುಣಿದು ಅದನ್ನು ಉದುರಿಸುವಷ್ಟರಲ್ಲಿ ಫೌಸ್ಟಿನ್ ಮುಚ್ಚಳ ಹಾಕಿ ಮುಗಿಸಿದರು.

"ಅಂಕಲ್, ಎರಡು ಸ್ಕ್ರೂ ಉಳಿಯಿತಲ್ಲ?"

"ಅದು ಕಂಪನಿಯವರು ಹೆಚ್ಚು ಹಾಕಿದ್ದು."

ಗುಂಡಿ ಒತ್ತಿದರೆ, ಪವಾಡ! ಕಣ್ಣು ಮಿಟುಕಿಸುವುದರೊಳಗೆ ಪರದೆ ಬೆಳಗಿತು. ಅದೇ ಹೊತ್ತಿಗೆ ಕರೆ ಬಂದು, ಹಾಸ್ಟೆಲಿನ ಡೈನಾ ಮೇಡಂ ಕಾಣಿಸಿಕೊಂಡರು.

"ಕಂಪ್ಯೂಟರನ್ನು ಹೇಗೆ ಸುಸ್ಥಿತಿಯಲ್ಲಿಡುತ್ತೀರಿ?"

"ಮೇಡಂ, ನಾನು ವಾರಕ್ಕೊಮ್ಮೆ..."

"ಸ್ಪೀಡ್ ಮಾಡಿದ್ದು ನಾನು ಮೇಡಂ!" ಹಿಂದಿನಿಂದ ತಾರಾನಾಥರು ಮುಖ ತೂರಿಸಿದರು.

"ಇವರು ಎಂತ ಮಾಡಿದ್ದು? ಧೂಳು ತೆಗೆದದ್ದು ನಾನು!" ಫೌಸ್ಟಿನ್ ಅವರನ್ನು ತಳ್ಳಿದರು. ರೂಪೇಶನ ತಲೆಯ ಮೇಲೆಯೇ ಜಗಳ ಹತ್ತಿಕೊಂಡಿತು.

ಆಗ ಡ್ರೈಯರ್ ಹುಡುಕಿಕೊಂಡು ಫೌಸ್ಟಿನ್‌ರ ಹೆಂಡತಿ ಝೀಟಾ ಬಂದಳು.

"ಎಂತ ಗಲಾಟೆ ಇದು? ಹುಡುಗನ ಇಂಟರ್‌ವ್ಯೂ ಉಂಟಲ್ವಾ? ಇಬ್ಬರೂ ಹೊರಗೆ! ರೂಪೇಶ, ನೆಟ್ಟಗೆ ಕೂತ್ಕೋ!"

ಇಬ್ಬರೂ ಹೊರಗೆ ಹೋದರು. ರೂಪೇಶ ನೆಟ್ಟಗಾದ. ಪರದೆಯಲ್ಲಿ ಡೈನಾ ಮೇಡಂ ಕೂಡ ನೆಟ್ಟಗಾದರು.

"ಯಾರವರು?"

"ಎದುರು ಮನೆಯ ಝೀಟಾ ಆಂಟಿ. ಕ್ಷಮಿಸಿ ಮೇಡಂ."

"ಕ್ಷಮೆ ಯಾಕೆ? ನಮ್ಮಲ್ಲಿ ಕಂಪ್ಯೂಟರ್ ತಾನಾಗಿ ಹಾಳಾಗುವುದಿಲ್ಲ, ಹುಡುಗರು ಹಾಳು ಮಾಡುವುದು. ನಮಗೆ ಬೇಕಾದದ್ದು ಒಂದೇ ಮಾತಿಗೆ ಎಲ್ಲರನ್ನೂ ಹದ್ದುಬಸ್ತಿಗೆ ತರುವ ಇಂಥವರೇ. ಸ್ವಲ್ಪ ಅವರನ್ನು ಕೂರಿಸುತ್ತೀರಾ?"

ರೂಪೇಶ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಮಾತು ಮುಗಿಸಿ ಬಂದ ಝೀಟಾ ಅವನ ಕೈ ಹಿಡಿದುಕೊಂಡಳು. "ಸೋಮವಾರದಿಂದಲೇ ಬರಬೇಕಂತೆ ಮಾರಾಯ! ಆದರೆ ನನಗೆ ಇದನ್ನು ಆನ್ ಮಾಡ್ಲಿಕ್ಕೂ ಗೊತ್ತಿಲ್ಲ. ನೀನು ಹೇಗೂ ಖಾಲಿ ಇದ್ದೀಯಲ್ಲ, ಅಷ್ಟರೊಳಗೆ ಕಲಿಸಿಕೊಡು."