ದಿನಾ ಕಲಿಸುವ ಆಪ್‌ಗೂ ಒಂದು ರಜೆ

ಕಲಿಸುವ ಆಪ್ ಮಾಡಲು ಹೊರಟವರಿಗೆ ಪಾಠ ಕಲಿಸುವವರು ಎಲ್ಲಿಂದೆಲ್ಲ ಬರುತ್ತಾರೋ ಹೇಳಲಾಗದು. ನಾನೂ ನನ್ನ ಗೆಳತಿಯೂ ಕತ್ರಿಗುಪ್ಪೆಯ ಒಂದು ಮನೆಯ ಮಹಡಿಯಲ್ಲಿ ಕೂತು ಮಕ್ಕಳಿಗಾಗಿ ಅಂಥದ್ದೊಂದು ಮಾಡುತ್ತಿದ್ದೆವು. ದಿನಕ್ಕೆ ಒಂದಿಷ್ಟು ಓದು, ಲೆಕ್ಕ, ಚಿತ್ರ, ಹಿರಿಯರ ಜೊತೆ ಒಂದು ಮಾತು. ಬಂಡವಾಳ ಹಾಕಿದ್ದ ಜಯನಗರದ ಹಿರಿಯರು ಮೊದಲೇ ಹೇಳಿದ್ದರು: "ಮಕ್ಕಳು ದಿನಾ ಆಪ್ ತೆಗೀಬೇಕು. ದಸರಾಕ್ಕೆ ಬಂದು ನೋಡ್ತೀನಿ. ಇಲ್ಲಾಂದ್ರೆ ಅಂಗಡಿ ಮುಚ್ಚಿ." ಕೆಳಗಿನ ಮನೆಯ ಓನರ್ ಆಂಟಿ ಬೀದಿಯ ಅಮ್ಮಂದಿರ ಫೋನಿಗೆಲ್ಲ ನಮ್ಮ ಆಪ್ ಹಾಕಿಸಿಕೊಟ್ಟರು. ಅವರ ಋಣ ದೊಡ್ಡದು.

ಬಾಡದ ತುಳಸಿ

ಪಾಠ ಮುಗಿಸಿದರೆ ಪರದೆಯ ಮೇಲಿನ ತುಳಸಿ ಚಿಗುರುತ್ತದೆ, ಬಿಟ್ಟರೆ ಬಾಡುತ್ತದೆ. ಮಕ್ಕಳಿಗೆ ಆಸೆ ಹುಟ್ಟಲಿ ಎಂದು ಹಾಗೆ ಮಾಡಿದ್ದೆವು. ಎದುರುಮನೆ ಹುಡುಗಿಯ ಗಿಡವಂತೂ ಸೊಂಪಾಗಿ ಬೆಳೆದಿತ್ತು.

"ಸೂಪರ್ ಕಣೇ! ಭಿನ್ನರಾಶಿ ಎಲ್ಲ ಬರುತ್ತಾ?" ಎಂದು ಕೇಳಿದೆ.

ಪಕ್ಕದಲ್ಲಿದ್ದ ಅವಳಜ್ಜಿ ಬಾಯಿ ಹಾಕಿದರು. "ಅವಳಿಗೇನು ಬರುತ್ತೆ! ಮನೇಲಿ ತುಳಸಿ ಒಣಗಬಾರದು ಅಂತ ದಿನಾ ಸ್ನಾನ ಮಾಡಿ, ಮಡೀಲಿ ಕೂತು ನಾನೇ ಲೆಕ್ಕ ಬಿಡಿಸ್ತಿದೀನಿ. ಮುಂದಿನ ಪಾಠ ಸ್ವಲ್ಪ ಸುಲಭ ಮಾಡಮ್ಮ."

ಹಿರಿಯರ ಜೊತೆ ಒಂದು ಮಾತು

"ಮೊದಲು ಇಲ್ಲಿ ಏನಿತ್ತು ಎಂದು ಅಜ್ಜನನ್ನು ಕೇಳಿ." ಇದು ಒಂದು ದಿನದ ಪಾಠ. ಆಂಟಿಯ ಮಾವ ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದವರು. ಮೊಮ್ಮಗ ಹೋಗಿ ಕೇಳಿಯೇಬಿಟ್ಟ. ಸಂಜೆ ಆಂಟಿ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

"ಆ ಪ್ರಶ್ನೆ ಮೊದಲು ತೆಗೀರಮ್ಮ! ಮಾವ ಅವನಿಗೆ ಹೊಲ ತೋರಿಸ್ತೀನಿ ಅಂತ ಹೋಗಿ, ಯಾರದೋ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ 'ನಮ್ಮ ಬಾವಿ ಇಲ್ಲೇ ಇತ್ತು, ಕಾರ್ ತೆಗೀರಿ' ಅಂತ ನಿಂತ್ಬಿಟ್ಟಿದಾರೆ!"

ಮುಟ್ಟಬಾರದ ದಿನ

ಜಯನಗರದ ಹಿರಿಯರು ಬಂದದ್ದು ಸರಿಯಾಗಿ ಸರಸ್ವತಿ ಪೂಜೆಯ ದಿನ. ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದರೆ, ಅವತ್ತು ಆಪ್ ತೆಗೆದವರು ಒಬ್ಬರೂ ಇಲ್ಲ. ಆಂಟಿಯ ಮನೆಗೆ ಓಡಿದೆ, ಹಿರಿಯರೂ ಹಿಂದೆಯೇ ಇಳಿದು ಬಂದರು. ದೇವರ ಮನೆಯಲ್ಲಿ ಪುಸ್ತಕಗಳ ರಾಶಿ, ಅದರ ಮೇಲೆ ಫೋನು, ಫೋನಿಗೆ ಕುಂಕುಮ, ಸೇವಂತಿಗೆ ಹೂವು.

"ಏನಾಂಟಿ ಇದು?"

"ಇವತ್ತು ಪುಸ್ತಕ ಮುಟ್ಟಬಾರದಲ್ವಾ? ಮಕ್ಕಳು ಪಾಠ ಓದೋದು ಇದ್ರಲ್ಲೇ. ಫೋನೂ ಪೂಜೆಗಿಡಿ ಅಂತ ಇಡೀ ಬೀದಿಗೆ ನಾನೇ ಹೇಳ್ದೆ."

ಹಿರಿಯರು ಕೈಮುಗಿದು, ನಗು ತಡೆಯಲಾರದೆ ಹೇಳಿದರು: "ಪೂಜೆಗೆ ಕೂತಿರೋ ಆಪ್‌ನ ಮುಚ್ಚಿಸೋ ಧೈರ್ಯ ನನಗಿಲ್ಲಮ್ಮ. ಮುಂದುವರಿಸಿ. ಆದ್ರೆ ಈ ದಿನ ರಜಾ ಕೊಡಿ."

ನಾನು ಆಂಟಿಯ ಕಾಲಿಗೇ ಬಿದ್ದೆ.

ಮುಂದಿನ ವರ್ಷ ಆ ದಿನಕ್ಕೆ ಪಾಠಗಳನ್ನೆಲ್ಲ ಮುಚ್ಚಿ, "ಇವತ್ತು ರಜೆ. ದಯವಿಟ್ಟು ಮುಟ್ಟಬೇಡಿ" ಎಂದು ಹಾಕಿದೆವು. ವರ್ಷದಲ್ಲೇ ಅತಿ ಹೆಚ್ಚು ಜನ ಆಪ್ ತೆಗೆದದ್ದು ಅವತ್ತೇ. ನಮಗೆ ನಂಬಲಾಗಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಆಂಟಿ ಕೂಗಿದರು:

"ಏನಮ್ಮ, ಇನ್ನೂ ಮುಟ್ಟಬೇಡಿ ಅಂತಾನೇ ಬರ್ತಿದೆ! ಬೆಳಗ್ಗಿಂದ ಮುಟ್ಟಿ ಮುಟ್ಟಿ ನೋಡ್ತಾನೇ ಇದೀನಿ!"