ಹಿಂದೆ ಕೂತ ಯಜಮಾನರು

ಭಾರವಾದ ವಸ್ತುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಭಯಭಕ್ತಿ. ಹಗುರವಾದವು ಇಟ್ಟಲ್ಲಿ ಇರುತ್ತವೆ, ಬಿದ್ದರೂ ಎತ್ತಿಟ್ಟರಾಯಿತು. ಭಾರವಾದವು ಹಾಗಲ್ಲ, ಸುಮ್ಮನೆ ಕೂತಿರುವಾಗಲೂ ಏನೋ ಯೋಚಿಸುತ್ತಿರುವಂತೆ ಕಾಣುತ್ತವೆ. ನಮ್ಮಮ್ಮ ಒರಳುಕಲ್ಲನ್ನು ಹಿತ್ತಲಿಂದ ಒಳಕ್ಕೆ ಉರುಳಿಸುವಾಗ, "ಸ್ವಲ್ಪ ದೂರ ಅಷ್ಟೇ ಕಣಪ್ಪ, ಕೋಪ ಮಾಡ್ಕೋಬೇಡ" ಎಂದು ಅದರ ಬೆನ್ನು ಸವರುತ್ತಿದ್ದಳು. ಮಕ್ಕಳಾದ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನನಗೇ ಐವತ್ತು ದಾಟಿದೆ. ದೇವನಹಳ್ಳಿ ಹತ್ತಿರ ನಮ್ಮದೊಂದು ನರ್ಸರಿ ಇದೆ. ಸಸಿಗಳನ್ನು ತಲುಪಿಸುವ ಪಿಕಪ್ ಗಾಡಿಯನ್ನು ನಾನೇ ಓಡಿಸುತ್ತೇನೆ. ಗುಲಾಬಿ, ಕರಿಬೇವು, ದಾಸವಾಳ, ಹೀಗೆ ಸಾಧು ಸ್ವಭಾವದ ಪ್ರಯಾಣಿಕರು. ನನ್ನ ಗಾಡಿಯಲ್ಲಿ ಕೂತವರು ಎಲೆ ಅಲ್ಲಾಡಿಸಿದ್ದು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಈ ಗರ್ವ ಕಳೆದ ಚಳಿಗಾಲದವರೆಗೂ ಇತ್ತು.

ನಮ್ಮ ಅಕ್ಕ ಜಯಕ್ಕ ದೊಡ್ಡಬಳ್ಳಾಪುರದಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟು ಮಾಡುತ್ತಾಳೆ. ಗ್ಯಾಸಿನ ಮೇಲೆ ಮಾಡಿದ ಸಾರನ್ನು ಅವಳು ಸಾರು ಎಂದು ಒಪ್ಪುವುದಿಲ್ಲ, ಸೌದೆ ಒಲೆಯೇ ಆಗಬೇಕು. ಆದರೆ ಸೌದೆ ಸೀಳುವ ಜನವೆಲ್ಲ ಫ್ಯಾಕ್ಟರಿಗಳಿಗೆ ಹೊರಟುಹೋಗಿ, ಅವಳ ಕೊಟ್ಟಿಗೆಯಲ್ಲಿ ನೀಲಗಿರಿ ದಿಮ್ಮಿಗಳು ಇಡಿಇಡಿಯಾಗಿ ಬಿದ್ದಿದ್ದವು. ಅಷ್ಟರಲ್ಲಿ ಶಿವಗಂಗೆಯ ತಪ್ಪಲಿನ ಒಂದು ಮನೆಯಲ್ಲಿ ಸೌದೆ ಸೀಳುವ ಮಿಷನ್ನು ಮಾರಾಟಕ್ಕಿದೆ ಎಂದು ಅವಳಿಗೆ ಯಾರೋ ಹೇಳಿದರು. ವ್ಯಾಪಾರದ ಮಾತು ಮುಗಿಸಿ, ಮಾರನೆಯ ದಿನವೇ ನನಗೆ ಫೋನು. "ಲೇ ಪದ್ಮಾ, ಬೆಳಗಾಗುತ್ಲೂ ಗಾಡಿ ತಗೊಂಡು ಬಂದ್ಬಿಡು. ಮಧ್ಯಾಹ್ನಕ್ಕೆ ನಂಗೊಂದು ನಾಮಕರಣದ ಅಡುಗೆ ಇದೆ." ಎಷ್ಟು ಭಾರ ಎಂದು ಕೇಳಿದೆ. "ನಮ್ಮ ಚಿಕ್ಕಪ್ಪ ಇದ್ದರಲ್ಲ, ಅವರಂಗೆ" ಎಂದಳು. ನಮ್ಮ ಚಿಕ್ಕಪ್ಪನನ್ನು ಕೂತಲ್ಲಿಂದ ಕದಲಿಸಲು ಅವರ ಬಾಳೆಲ್ಲ ಯಾರಿಗೂ ಆಗಿರಲಿಲ್ಲ.

ನಾವು ತಲುಪಿದಾಗ ಬೆಟ್ಟ ಕಾಣುತ್ತಿರಲಿಲ್ಲ. ಅಷ್ಟು ಮಂಜು. ಅಂಗಳದ ಕೊನೆಯ ಶೆಡ್ಡಿನಲ್ಲಿ ಮಿಷನ್ನು ನಿಂತಿತ್ತು. ಆಳೆತ್ತರದ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಕೆಳಮುಖವಾಗಿ ಚೂಪಾದ ಬೆಣೆ, ಬುಡದಲ್ಲಿ ಎಂಜಿನ್ನು, ಎರಡು ಗಾಲಿ. ಮನೆಯ ಒಡತಿ ಗಂಗಮ್ಮನವರು ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದರು. ಅವರ ಮೈದುನ ಎಂಜಿನ್ನು ಚಾಲೂ ಮಾಡಿ, ಒಂದು ದಿಮ್ಮಿಯನ್ನು ಸೀಳಿ ತೋರಿಸಿದ. ಬೆಣೆ ಕೆಳಗಿಳಿದು ದಿಮ್ಮಿಯನ್ನು ಒತ್ತುವಾಗ ನರಳಿದಂಥ ಸದ್ದು ಬರುತ್ತಿತ್ತು. ಅದು ಮರದ್ದೋ ಮಿಷನ್ನಿನದ್ದೋ ತಿಳಿಯಲಿಲ್ಲ.

"ನಮ್ಮೆಜಮಾನ್ರು ಇದಕ್ಕೇ ಒರಗಿಕೊಂಡು ಹೋಗ್ಬಿಟ್ರು ಕಣಮ್ಮ" ಎಂದರು ಗಂಗಮ್ಮ, ಹವಾಮಾನದ ವಿಷಯ ಹೇಳುವಷ್ಟೇ ಸಹಜವಾಗಿ. "ಕೆಲಸ ಮುಗಿಸಿ, ಟಾರ್ಪಾಲು ಹೊದ್ಕೊಂಡು ಕೂತಿದ್ರು. ಚಳಿ ಅಲ್ವಾ. ನಾನು ಕಾಫಿ ತಂದೆ. ಕೈ ಚಾಚಲೇ ಇಲ್ಲ."

ನಾನು ಅಕ್ಕನ ಮುಖ ನೋಡಿದೆ. ಅವಳು ಮಿಷನ್ನಿನ ಗಾಲಿಗೆ ಗಾಳಿ ಸಾಕೇ ಎಂದು ಒತ್ತಿ ನೋಡುತ್ತಿದ್ದಳು.

ಏರಿಸುವುದೇ ಒಂದು ಯಾಗವಾಯಿತು. ಮಲಗಿಸಿ ಸಾಗಿಸಿದರೆ ಕ್ಷೇಮವೆಂದು ನಾನೆಂದೆ. ಮೈದುನ ಒಪ್ಪಲಿಲ್ಲ. "ಮಲಗಿಸಿದ್ರೆ ಆಯಿಲ್ ಚೆಲ್ಲುತ್ತೆ. ನಿಲ್ಲಿಸ್ಕೊಂಡೇ ಹೋಗ್ಬೇಕು." ಪೆಟ್ರೋಲಿನ ನಲ್ಲಿ ಮುಚ್ಚಿ, ಎರಡು ದಪ್ಪ ಹಲಗೆಗಳನ್ನು ಗಾಡಿಗೆ ಇಳಿಜಾರಾಗಿ ಒರಗಿಸಿದೆವು. ಅಕ್ಕಪಕ್ಕದ ಮನೆಯವರೂ ಸೇರಿ, ಮೇಲಿನಿಂದ ಇಬ್ಬರು ಹಗ್ಗ ಎಳೆದರು, ಪಕ್ಕದಿಂದ ಇಬ್ಬರು ತಳ್ಳಿದರು. ನಾನು ಗಾಲಿಯ ಹಿಂದೆ ಕಲ್ಲು ಕೊಡುತ್ತಾ, "ಯಾರೂ ಹಿಂದೆ ನಿಲ್ಲಬೇಡಿ" ಎಂದು ಕೂಗುತ್ತಿದ್ದೆ. ಕೊನೆಗೂ ಅದು ಕ್ಯಾಬಿನ್ನಿಗೆ ಬೆನ್ನು ಕೊಟ್ಟು ನಿಂತಿತು. ಕಟ್ಟಲು ನನ್ನ ಬಳಿ ಸರಪಣಿಯೂ ಇತ್ತು, ನೈಲಾನ್ ಬೆಲ್ಟೂ ಇತ್ತು. "ಸರಪಣಿ ಹಾಕೋಣ ಅಕ್ಕ" ಎಂದೆ. "ಬೆಲ್ಟೇ ಸಾಕು ಬಾರೇ, ಹೊತ್ತಾಯ್ತು. ಆನೆ ಕಟ್ತೀಯಾ?" ಎಂದು ಅವಳೇ ಬೆಲ್ಟನ್ನು ಸುತ್ತಿ ಬಿಗಿದಳು. ನಾನು ಸರಪಣಿಯನ್ನು ಸೀಟಿನ ಕೆಳಗೆ ತಳ್ಳಿದೆ. ಗಾಡಿ ನನ್ನದು, ಲೈಸೆನ್ಸು ನನ್ನದು, ಆದರೆ ಅಕ್ಕನ ಎದುರು ನಾನು ಇಂದಿಗೂ ಎರಡು ಜಡೆಯ ಹುಡುಗಿ.

ಗಂಗಮ್ಮನವರು ಒಳಗಿಂದ ಅದೇ ಹಳೆಯ ಟಾರ್ಪಾಲು ತಂದರು. "ಇದನ್ನ ಹೊದಿಸ್ಕೊಂಡೇ ಹೋಗಿ. ನಮ್ಮನೇಲಿ ಇನ್ನೇನು ಮಾಡೋದು." ಹೊದಿಸಿ ನಾಲ್ಕು ಮೂಲೆ ಕಟ್ಟಿ ಕೆಳಗಿಳಿದು ನೋಡಿದೆ, ನೋಡಬಾರದಿತ್ತು. ಕಂಬದ ತುದಿ ತಲೆ, ಹಿಡಿಕೆಗಳು ಭುಜ, ಎಂಜಿನ್ನು ಮಡಿಸಿದ ಮೊಣಕಾಲು. ಕಂಬಳಿ ಹೊದ್ದು ಮುದುರಿ ಕೂತ ಮನುಷ್ಯನ ಹಾಗೆಯೇ ಇತ್ತು.

ದಾಬಸ್‌ಪೇಟೆ ದಾಟುವವರೆಗೂ ಅಕ್ಕ ನಾಮಕರಣದ ಪಾಯಸದ ಬಗ್ಗೆ ಮಾತಾಡಿದಳು. ನಾನು ಹೂಂಗುಟ್ಟುತ್ತಾ ಕನ್ನಡಿ ನೋಡುತ್ತಿದ್ದೆ. ಮಂಜಿನಲ್ಲಿ ರಸ್ತೆಯೇ ಸರಿಯಾಗಿ ಕಾಣದು. ಹಿಂದೆ ದೂರದಲ್ಲಿ ಒಂದು ಬೈಕಿನ ದೀಪ ನಮ್ಮನ್ನೇ ಹಿಂಬಾಲಿಸುತ್ತಿತ್ತು; ಹತ್ತಿರ ಬರದು, ಬಿಟ್ಟೂ ಹೋಗದು. ಕ್ಯಾಬಿನ್ನಿನ ಹಿಂದಿನ ಗಾಜಿಗೆ ಆಗಾಗ ಏನೋ ಮೆಲ್ಲಗೆ ತಾಗಿದ ಸದ್ದು. "ಅಕ್ಕ, ಕೇಳಿಸ್ತಾ?" ಎಂದೆ. "ಏನು?" ಎಂದಳು. ಅವಳು ಪಾಯಸದ ಮಾತು ನಿಲ್ಲಿಸಿದ್ದಳು ಎಂಬುದನ್ನು ಮಾತ್ರ ಗಮನಿಸಿದೆ.

ಒಂದು ಟೀ ಅಂಗಡಿ ಕಂಡಿತು. ಚಳಿ ಎಂದು ನೆಪ ಹೇಳಿ ನಿಲ್ಲಿಸಿದೆ. ಇಬ್ಬರೂ ಕೆಳಗಿಳಿದೆವು. ಎರಡು ಟೀ ಎಂದೆ. ಅಂಗಡಿಯವನು ತಟ್ಟೆಯಲ್ಲಿ ಮೂರು ಲೋಟ ತಂದ.

"ಎರಡೇ ಹೇಳಿದ್ದು."

"ಹಿಂದೆ ಕೂತಿರೋ ಯಜಮಾನ್ರಿಗೆ ಬೇಡ್ವಾ? ಈ ಚಳೀಲಿ ಅವರನ್ನ ಹಿಂದೆ ಕೂರಿಸಿದ್ದೀರಲ್ಲಮ್ಮ, ವಯಸ್ಸಾದವರನ್ನ."

ಅದು ಮಿಷನ್ನು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿದ್ದ ಬೈಕು ಬಂದು ನಿಂತಿತು. ಹಾಲಿನ ಕ್ಯಾನುಗಳನ್ನು ಎರಡೂ ಕಡೆ ಇಳಿಬಿಟ್ಟುಕೊಂಡಿದ್ದ ಒಬ್ಬ ಮನುಷ್ಯ ಮಫ್ಲರ್ ಬಿಚ್ಚುತ್ತಾ ನಕ್ಕ. "ನಿಮ್ಮ ಕೆಂಪು ಲೈಟೇ ನಂಗೆ ದಾರಿ ತೋರಿಸ್ತು. ಒಂದೆರಡು ಸಲ ಹತ್ರ ಬಂದೆ. ಆದ್ರೆ ಹಿಂದೆ ಕೂತಿರೋರು ದೂರ ಇರು, ದೂರ ಇರು ಅಂತ ಕೈ ಆಡಿಸ್ತಾನೇ ಇದ್ರು. ಅದಕ್ಕೇ ಹಿಂದೇನೇ ಉಳ್ಕೊಂಡೆ."

ಜಯಕ್ಕ ಲೋಟ ಕೆಳಗಿಟ್ಟಳು. "ಟಾರ್ಪಾಲು ಬಿಚ್ಚಿರಬೇಕು. ಹತ್ತಿ ನೋಡೇ ಪದ್ಮಾ. ನಂಗೆ ಮಂಡಿ ನೋವು." ಅವಳಿಗೆ ಮಂಡಿ ನೋವಿದೆ ಎಂದು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

ನಾನು ಹತ್ತಿದೆ. ದೇವರ ಹೆಸರು ಹೇಳಬೇಕೆಂದುಕೊಂಡೆ, ಬಾಯಿಗೆ ಬಂದದ್ದು ನರ್ಸರಿಯ ಗಿಡಗಳ ಹೆಸರು. ಟಾರ್ಪಾಲಿನ ನಾಲ್ಕು ಮೂಲೆಯೂ ನಾನು ಕಟ್ಟಿದಂತೆಯೇ ಬಿಗಿಯಾಗಿದ್ದವು. ಗಾಳಿಯಿರಲಿಲ್ಲ. ಒಂದು ಗಂಟು ಬಿಚ್ಚಿ ಒಳಗೆ ಕೈ ಹಾಕಿದೆ. ಬೆಚ್ಚಗಿತ್ತು. ಎಂಜಿನ್ನು ಹೊರಡುವ ಮುನ್ನ ಓಡಿದ್ದಲ್ಲವೇ, ಬಿಸಿ ಇದ್ದೇ ಇರುತ್ತದೆ ಎಂದು ಬುದ್ಧಿ ಹೇಳಿತು. ಆದರೆ ಅದು ಮನುಷ್ಯರ ಮೈ ಬೆಚ್ಚಗಿರುವಷ್ಟೇ ಬೆಚ್ಚಗಿತ್ತು, ಬೀಡಿಯ ವಾಸನೆಯೂ ಇತ್ತು. ಕೈ ಹಿಂದಕ್ಕೆಳೆಯಬೇಕು ಎನ್ನುವಷ್ಟರಲ್ಲಿ ಬೆರಳಿಗೆ ಬೆಲ್ಟು ಸಿಕ್ಕಿತು. ಅಕ್ಕ ಅದನ್ನು ಬೆಣೆಯ ಅಂಚಿನ ಮೇಲೇ ಹಾಯಿಸಿದ್ದಳು. ದಾರಿಯ ಕುಲುಕಾಟಕ್ಕೆ ಉಜ್ಜಿ ಉಜ್ಜಿ ಬೆಲ್ಟು ಕತ್ತರಿಸಿಹೋಗಿ, ಒಂದೆರಡು ಎಳೆ ಮಾತ್ರ ಉಳಿದಿತ್ತು. ಅಂಗಡಿಯ ಮುಂದಿನಿಂದಲೇ ರಸ್ತೆ ಏರು. ಆ ಏರಿನಲ್ಲಿ ಎಳೆ ಹರಿದಿದ್ದರೆ ಅಷ್ಟೂ ಕಬ್ಬಿಣ ಹಿಂದಕ್ಕೆ ಮಗುಚಿ, ಹತ್ತಿರದಲ್ಲಿ ಬರುವವನ ಮೇಲೆಯೇ ಬೀಳುತ್ತಿತ್ತು. ಹಾಲಿನವನು ಕೆಳಗೆ ನಿಂತು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದ.

"ಅಕ್ಕ," ಎಂದೆ. ಹರಿದ ಬೆಲ್ಟನ್ನು ಎತ್ತಿ ತೋರಿಸಿದೆ.

ಅವಳು ಅದನ್ನು ನೋಡಿದಳು, ಹಾಲಿನವನನ್ನು ನೋಡಿದಳು. ಬಿಳಿಚಿಕೊಂಡಳು. ಸರಪಣಿ ಎತ್ತಿಕೊಟ್ಟಳು. ಅಂಚುಗಳಿಗೆ ಗೋಣಿಚೀಲ ಸುತ್ತಿ, ನಾಲ್ಕು ಕಡೆಗೂ ಸರಪಣಿ ಎಳೆದು, ಗಾಲಿಗಳಿಗೆ ಮರದ ತುಂಡು ಬಡಿದೆವು. ಹಾಲಿನವನೂ ಕೈ ಹಾಕಿದ. ಟಾರ್ಪಾಲಿನೊಳಗೆ ಏನಿದೆ ಎಂದು ಕಂಡಾಗ ಅವನ ನಗು ನಿಂತಿತು. "ಮತ್ತೆ ಕೈ ಆಡಿಸಿದ್ದು..." ಎಂದ. ಅವನು ಆಮೇಲೆ ನಮ್ಮ ಹಿಂದೆ ಬರಲಿಲ್ಲ. ಮುಂದೆ ಹೋದ, ಬಹಳ ಜೋರಾಗಿ ಹೋದ.

ಹೊರಡುವ ಮುನ್ನ ಜಯಕ್ಕ ಮೂರನೆಯ ಲೋಟವನ್ನು ತೆಗೆದುಕೊಂಡು, ನೋವಿನ ಮಂಡಿಯಲ್ಲೇ ಗಾಡಿ ಹತ್ತಿದಳು. ಮಿಷನ್ನಿನ ಬುಡದಲ್ಲಿ ಲೋಟವಿಟ್ಟು, "ತಪ್ಪಾಯ್ತು ಯಜಮಾನ್ರೇ, ಆತುರ ಬಿದ್ದೆ" ಎಂದಳು. ನಾನು ನಗಲಿಲ್ಲ. ಟೀ ಆರುವವರೆಗೂ ಇಬ್ಬರೂ ನಿಂತಿದ್ದೆವು. ಅಂಗಡಿಯವನು ಲೋಟ ವಾಪಸ್ ಕೇಳಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಇಳಿಸುವುದು ಹೂವೆತ್ತಿದಷ್ಟು ಸಲೀಸಾಗಿ ಆಯಿತು. ಪಾಯಸ ಮಾತ್ರ ತಳ ಹಿಡಿಯಿತಂತೆ. ನಲವತ್ತು ವರ್ಷಗಳಲ್ಲಿ ಅಕ್ಕನ ಪಾಯಸ ತಳ ಹಿಡಿದದ್ದು ನಾನು ಕೇಳಿಲ್ಲ.

ದೇವನಹಳ್ಳಿ ಕಡೆಗೆ ಖಾಲಿ ಗಾಡಿಯಲ್ಲಿ ಒಬ್ಬಳೇ ಹೊರಟೆ. ಬಿಸಿಲು ಚೆನ್ನಾಗಿ ಬಂದಿತ್ತು. ಆದರೂ ಖಾಲಿ ಜಾಗ ತುಂಬಿದ ಜಾಗಕ್ಕಿಂತ ಹೆಚ್ಚು ಹೆದರಿಸುತ್ತದೆಂದು ಅಂದೇ ತಿಳಿದದ್ದು. ದಾರಿಯಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ನಿಂತಿದ್ದ ಮುದುಕಿಯೊಬ್ಬಳು ಕೈ ತೋರಿಸಿದಳು. ಗಂಟನ್ನು ಹಿಂದೆ ಹಾಕಿ ತಾನೂ ಹಿಂದೆಯೇ ಹತ್ತಲು ಹೊರಟವಳನ್ನು, "ಮುಂದೆ ಬನ್ನಿ ಅಜ್ಜಿ, ಬಿಸಿಲು, ಧೂಳು" ಎಂದು ಬಲವಂತವಾಗಿ ಪಕ್ಕದಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಗುಲಾಬಿಗೆ ಯಾವ ಗೊಬ್ಬರ, ಎಷ್ಟು ನೀರು ಎಂದು ಬಿಡುವಿಲ್ಲದೆ ವಿವರಿಸಿದೆ. ಆಕೆ ಎಲೆಯಡಿಕೆ ಜಗಿಯುತ್ತಾ ಕೇಳಿಸಿಕೊಂಡಳು. ಆಕೆಯ ಊರು ಬಂತು. ಇಳಿದು ಗಂಟೆತ್ತಿಕೊಂಡು, ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದಳು:

"ಹಿಂದೆ ಯಾರೂ ಇಲ್ಲ ಕಣವ್ವ, ನೋಡ್ದೆ. ಧೈರ್ಯವಾಗಿ ಹೋಗು."

ನಾನು ಆಕೆಗೆ ಹೇಳಿದ್ದು ಗೊಬ್ಬರದ ವಿಷಯ ಮಾತ್ರ. ಆದರೂ ಥ್ಯಾಂಕ್ಸ್ ಹೇಳಿದೆ, ಎರಡು ಸಲ. ಇನ್ನೊಮ್ಮೆ ನೋಡಿ ಎಂದು ಕೇಳಲು ಮಾತ್ರ ನಾಚಿಕೆಯಾಯಿತು.